ಕಚ್ಚಿದ ನಾಯಿ ಚೆನ್ನಾಗೇ ಇದೆ, ಹತ್ತು ದಿನ ನೋಡಿ ರೇಬೀಸ್ (ಹುಚ್ಚುನಾಯಿ ರೋಗ) ಸೂಜಿ ಹಾಕಿಸಿದ್ರೆ ಆಗಲ್ವಾ?

ಆಗಲ್ಲ. ಮದ್ದೂರು, ಮಳವಳ್ಳಿ, ನಂಜನಗೂಡು, ಎಲ್ಲಿಂದ ಕೇಳಿದರೂ ಇದೇ ಪ್ರಶ್ನೆ. ನನ್ನ ಉತ್ತರವೂ ಅದೇ: ಇವತ್ತೇ ಹೋಗಿ.

ಮೊದಲು ನಲ್ಲಿ ತಿರುಗಿಸಿ. ಗಾಯಕ್ಕೆ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಎರಡು ಚೊಂಬು ಸುರಿದರೆ ತೊಳೆದಂತಲ್ಲ. ಆಮೇಲೆ ತಾಲ್ಲೂಕು ಆಸ್ಪತ್ರೆಗೋ, ಮಂಡ್ಯದ ಮಿಮ್ಸ್‌ಗೋ, ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಹೊರಡಿ. ರಕ್ತ ಬಂದಿದ್ದರೆ ಲಸಿಕೆಯ ಜೊತೆ ಗಾಯಕ್ಕೇ ಚುಚ್ಚುವ ಇಮ್ಯುನೊಗ್ಲಾಬ್ಯುಲಿನ್ (ವೈರಸ್ ತಡೆಯುವ ಸಿದ್ಧ ಪ್ರತಿಕಾಯ) ಕೂಡ ಬೇಕು, ಕೇಳಿ ಹಾಕಿಸಿಕೊಳ್ಳಿ.

ಈಗ ಆ ಹತ್ತು ದಿನದ ವಿಚಾರ. ಅದು ಪೂರ್ತಿ ಸುಳ್ಳಲ್ಲ, ತೊಂದರೆಯೇ ಅದು. ನಾಯಿಯ ಜೊಲ್ಲಿಗೆ ರೇಬೀಸ್ ವೈರಸ್ ಬಂತು ಅಂದರೆ ಆ ನಾಯಿಯ ಆಯುಸ್ಸು ಕೆಲವೇ ದಿನ. ಕಚ್ಚಿ ಹತ್ತು ದಿನವಾದರೂ ಉಂಡು ಓಡಾಡಿಕೊಂಡಿದ್ದರೆ, ಕಚ್ಚಿದ ದಿನ ಜೊಲ್ಲಲ್ಲಿ ವೈರಸ್ ಇರಲಿಲ್ಲ ಅಂತ. ಆಗ ಉಳಿದ ಸೂಜಿ ಬೇಕೋ ಬೇಡವೋ ಡಾಕ್ಟರ್ ಹೇಳ್ತಾರೆ. ನಿಲ್ಲಿಸೋದಕ್ಕೆ ಇರುವ ಲೆಕ್ಕವನ್ನ ನಮ್ಮ ಜನ ಶುರು ಮಾಡದೇ ಇರೋದಕ್ಕೆ ಬಳಸ್ತಾರೆ! ಸರ್ಕಾರಿ ಆಸ್ಪತ್ರೆಯಲ್ಲಿ ಸೂಜಿ ಸಾಮಾನ್ಯವಾಗಿ 0 (ಅಂದರೆ ಶುರು ಮಾಡಿದ ದಿನವೇ), 3, 7, 28ನೇ ದಿನ. ಹತ್ತು ದಿನ ಕಾದರೆ ಮೂರು ಸೂಜಿ ತಪ್ಪಿಹೋಯ್ತು. ಅಷ್ಟರಲ್ಲಿ ವೈರಸ್ ನರ ಹಿಡಿದು ಮೆದುಳಿನ ಕಡೆ ಹೊರಟಿರಬಹುದು. ಮುಖಕ್ಕೆ ಕಚ್ಚಿದ್ದರೆ ದಾರಿ ಇನ್ನೂ ಹತ್ತಿರ. ಲಕ್ಷಣ ಕಂಡ ಮೇಲೆ ಉಳಿಸಿಕೊಳ್ಳೋಕೆ ಔಷಧಿಯಿಲ್ಲ. ಇನ್ನು ಸಂತೆಯಲ್ಲಿ ಕಚ್ಚಿದ ಬೀದಿ ನಾಯಿಯನ್ನ ಹತ್ತು ದಿನ ಎಲ್ಲಿ ಕಾಯ್ತೀರಿ?

ಒಬ್ಬ ಹುಡುಗನನ್ನ ಐದನೇ ದಿನ ಕರೆತಂದಿದ್ದರು. ಮೀನಖಂಡದ ಮೇಲೆ ಸುಣ್ಣ, ಖಾರದಪುಡಿ ಮೆತ್ತಿ ಒಣಗಿತ್ತು. ತೊಳೆದಾಗ ನಾಲ್ಕು ಹಲ್ಲಿನ ಗುರುತು. ಸೂಜಿ ಕಂಡ ಕೂಡಲೇ ಹುಡುಗನ ಅಂಗಿ ಎತ್ತಿ ಹೊಟ್ಟೆ ತೋರಿಸಿದರು ಅವನ ಅಜ್ಜಿ. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿಯ ಭಯಕ್ಕೇ ಐದು ದಿನ ಕಳೆದಿದ್ದರಂತೆ. ಕುರಿ ಮೆದುಳಿನಿಂದ ಮಾಡುತ್ತಿದ್ದ ಆ ಲಸಿಕೆ ನಿಂತು 20 ವರ್ಷವಾಯ್ತು ತಾಯಿ, ಈಗ ತೋಳಿಗೆ ಹಾಕೋದು ಅಂದೆ.

ಹಾಲಿನ ವಿಷಯವನ್ನೂ ಹೇಳಿಬಿಡ್ತೀನಿ. ನಾಯಿ ಕಚ್ಚಿ ಹುಚ್ಚು ಹಿಡಿದ ಹಸುವಿನ ಹಾಲು ಬಳಸಬಾರದು. ಆದರೆ ಗೊತ್ತಿಲ್ಲದೆ ಕಾಯಿಸಿ ಕುಡಿದವರಿಗೆ ಸೂಜಿ ಬೇಡ. ಬೇಕಾಗೋದು, ಜೊಲ್ಲು ಸುರಿಸ್ತಿದೆ, ಗಂಟಲಲ್ಲಿ ಏನೋ ಸಿಕ್ಕಿದೆ ಅಂತ ಅದರ ಬಾಯಿಗೆ ಕೈ ಹಾಕಿದವನಿಗೆ. ಹಾಲು ಕುಡಿದ ಇಡೀ ಬೀದಿ ಆಸ್ಪತ್ರೆಗೆ ಬರುತ್ತದೆ. ಇವನೊಬ್ಬ ಮನೆಯಲ್ಲೇ ಇರ್ತಾನೆ.