‘ತಗ್ಗು ಪ್ರದೇಶ’ ಅಂದರೆ ಯಾವುದು?

ರಾಯಚೂರಿನಲ್ಲಿ ರಾತ್ರಿ ಜೋರು ಮಳೆ ಹೊಡೆದರೆ ಮರುದಿನದ ಸುದ್ದಿಯಲ್ಲಿ ಈ ಸಾಲು ಇದ್ದೇ ಇರುತ್ತದೆ: ‘ತಗ್ಗು ಪ್ರದೇಶಗಳಿಗೆ ನೀರು ನುಗ್ಗಿತು’. ತಗ್ಗು ಅಂದ ಮೇಲೆ ನೀರು ಬರದೆ ಇರುತ್ತದಾ ಎಂದು ನಾವೂ ಓದಿ ಸುಮ್ನಾಗುತ್ತೇವೆ.

ತಗ್ಗು ಎಂದರೆ ಸುತ್ತಲಿಗಿಂತ ಕೆಳಗಿರುವ ಜಾಗ. ನಮ್ಮ ಕಡೆ ರಸ್ತೆಯ ಗುಂಡಿಗೂ ತಗ್ಗು ಅಂತಲೇ ಹೆಸರು. ಇದರ ಎದುರು ಪದ ದಿನ್ನೆ ಅಥವಾ ದಿನ್ನಿ. ಜಿಲ್ಲೆಯಲ್ಲಿ ‘ದಿನ್ನಿ’ ಎಂದು ಮುಗಿಯುವ ಊರುಗಳಿವೆ. ಮನೆ ದಿನ್ನೆಯ ಮೇಲೆ, ಕೆರೆ ತಗ್ಗಿನಲ್ಲಿ. ಹಳೆಯ ಲೆಕ್ಕ ಇಷ್ಟೇ.

ಈಗ ನಗರದ ತಗ್ಗು ಪ್ರದೇಶಗಳ ಹೆಸರು ಓದಿ: ಸಿಯಾತಲಾಬ್, ನೀರಬಾವಿ ಕುಂಟೆ. ತಲಾಬ್ ಎಂದರೆ ಕೆರೆ, ಕುಂಟೆ ಎಂದರೆ ಸಣ್ಣ ಕೆರೆ. ಬಡಾವಣೆಯ ಹೆಸರೇ ನೀರಿನದು. ಮಳೆ ಬಂದರೆ ನೀರು ಅಲ್ಲಿಗೆ ಹೋಗುವುದರಲ್ಲಿ ಆಶ್ಚರ್ಯ ಇಲ್ಲ.

ಇದನ್ನು ನದಿ ಪ್ರವಾಹದ ಜೊತೆ ಬೆರೆಸಬಾರದು. ನಾರಾಯಣಪುರ ಜಲಾಶಯದಿಂದ ಕೃಷ್ಣೆಗೆ ಜಾಸ್ತಿ ನೀರು ಬಿಟ್ಟಾಗ ತೊಂದರೆಗೆ ಸಿಗುವುದು ಕುರ್ವಕಲಾದಂಥ ನಡುಗಡ್ಡೆಗಳು, ನದಿ ದಂಡೆಯ ಊರುಗಳು. ರಾಯಚೂರು ನಗರ ಕೃಷ್ಣೆ, ತುಂಗಭದ್ರೆಗಳ ನಡುವೆ ಇದ್ದರೂ ಎರಡರಿಂದಲೂ ದೂರ. ಇಲ್ಲಿ ಮನೆಗೆ ನುಗ್ಗುವುದು ಊರಿನ ಮೇಲೇ ಬಿದ್ದ ಮಳೆ. ಒಂದು ಎಕರೆ ಜಾಗದ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 2 ಲಕ್ಷ ಲೀಟರ್ ನೀರು. 5 ಸಾವಿರ ಲೀಟರಿನ 40 ಟ್ಯಾಂಕರ್! ಕಾಂಕ್ರೀಟ್ ಅದನ್ನು ಕುಡಿಯುವುದಿಲ್ಲ. ಎರೆ ಮಣ್ಣು ಒಮ್ಮೆ ನೆನೆದು ಉಬ್ಬಿತೆಂದರೆ ಅದೂ ಕುಡಿಯುವುದಿಲ್ಲ.

ಹಾಗಂತ ಎಲ್ಲ ತಗ್ಗೂ ಹುಟ್ಟಿನಿಂದ ಬಂದದ್ದಲ್ಲ. ನಮ್ಮ ಚಿಗವ್ವನ ಮನೆಗೆ ಮೊದಲು ಮೂರು ಮೆಟ್ಟಿಲು ಹತ್ತಬೇಕಿತ್ತು. ಈಗ ಒಂದು ಮೆಟ್ಟಿಲು ಇಳಿಯಬೇಕು. ಮನೆ ಕುಸಿದಿಲ್ಲ, ರಸ್ತೆ ಬೆಳೆದಿದೆ. ಹಳೆಯ ರಸ್ತೆಯನ್ನು ಕೆತ್ತದೆ ಅದರ ಮೇಲೇ ಡಾಂಬರು, ಅದರ ಮೇಲೆ ಸಿಮೆಂಟ್ ಕಾಂಕ್ರೀಟ್. ಪ್ರತಿ ಸಲ ನಾಲ್ಕು ಬೆರಳು ಏರಿದರೂ ಸಾಕು, ಇಪ್ಪತ್ತು ವರ್ಷದಲ್ಲಿ ದಿನ್ನೆಯ ಮನೆಯೂ ತಗ್ಗಿಗೆ ಬೀಳುತ್ತದೆ. ನಾವು ಅದಕ್ಕೆ ‘ಅಭಿವೃದ್ಧಿ ಕಾಮಗಾರಿ’ ಅನ್ನುತ್ತೇವೆ!

ಇದಕ್ಕೂ ನಗರದ ಬಜೆಟ್ಟಿಗೂ ಸಂಬಂಧ ಬರುವುದು ಇಲ್ಲೇ. ನಗರದ ದುಡ್ಡು ಹಂಚಿಕೆಯಾಗುವಾಗ ಪ್ರತಿ ಸದಸ್ಯರೂ ತಮ್ಮ ವಾರ್ಡಿಗೆ ರಸ್ತೆ, ಚರಂಡಿ, ದೀಪ ಕೇಳುತ್ತಾರೆ. ತಪ್ಪೇನಿಲ್ಲ, ಜನ ಕೇಳುವುದೂ ಅದನ್ನೇ. ಆದರೆ ನೀರಿಗೆ ವಾರ್ಡಿನ ಗಡಿ ಗೊತ್ತಿಲ್ಲ. ತಗ್ಗು ಪ್ರದೇಶವನ್ನು ಉಳಿಸುವ ಕೆಲಸ ಬಹಳ ಸಲ ಆ ಪ್ರದೇಶದ ಹೊರಗೇ ಇರುತ್ತದೆ. ಮೇಲಿನ ಬಡಾವಣೆಯಲ್ಲಿ ಒತ್ತುವರಿಯಾದ ರಾಜಕಾಲುವೆ ಬಿಡಿಸಬೇಕು. ಕೆಳಗೆ ಕಟ್ಟಿಕೊಂಡ ಮೋರಿಯ ಹೂಳು ತೆಗೆಸಬೇಕು. ತಗ್ಗಿನ ಓಣಿಯಲ್ಲೇ ಚರಂಡಿ ಎಷ್ಟು ಚಂದ ಕಟ್ಟಿದರೂ, ಮುಂದೆ ದಾರಿ ಇಲ್ಲದಿದ್ದರೆ ಅದು ಉದ್ದನೆಯ ತೊಟ್ಟಿ ಅಷ್ಟೇ.

ನಗರಗಳ ಮೂಲಸೌಕರ್ಯಕ್ಕೆಂದು ಕೇಂದ್ರದ ಅಮೃತ್ ಯೋಜನೆ 2015ರಲ್ಲಿ ಬಂದಾಗ ಕುಡಿಯುವ ನೀರು, ಒಳಚರಂಡಿ, ಉದ್ಯಾನಗಳ ಜೊತೆ ಮಳೆನೀರು ಚರಂಡಿಯೂ ಅದರ ಪಟ್ಟಿಯಲ್ಲಿತ್ತು. ಆ ಪಟ್ಟಿಯಲ್ಲಿ ಜನರ ಕಣ್ಣಿಗೆ ಬೀಳುವುದು ಉದ್ಯಾನ. ಹೂಳು ತೆಗೆದದ್ದಕ್ಕೆ ಯಾರೂ ರಿಬ್ಬನ್ ಕತ್ತರಿಸುವುದಿಲ್ಲ, ಫಲಕವನ್ನೂ ಹಾಕುವುದಿಲ್ಲ ಅಲ್ವಾ?

ಬಜೆಟ್ ಪೂರ್ವಭಾವಿ ಸಭೆಗೆ ಹೋಗುವವರು ‘ನಮ್ಮ ಓಣಿಗೆ ಏನು ಕೊಡುತ್ತೀರಿ’ ಎನ್ನುವ ಮೊದಲು ಒಂದು ಮಾತು ಕೇಳಬಹುದು: ನಮ್ಮ ಓಣಿಯ ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗಬೇಕು, ನಡುವೆ ಎಲ್ಲಿ ನಿಂತಿದೆ? ಹೊಸ ರಸ್ತೆಯ ಟೆಂಡರಿನಲ್ಲಿ ಹಳೆಯದನ್ನು ಕೆತ್ತುವ ಷರತ್ತು ಇದೆಯಾ ಎಂದೂ ಕೇಳಬಹುದು.

ಚಿಗವ್ವ ಮಾತ್ರ ಯಾವ ಸಭೆಗೂ ಹೋಗಲಿಲ್ಲ. ಹೋದ ಬೇಸಿಗೆಯಲ್ಲಿ ಹೊಸ್ತಿಲ ಮೇಲೆ ಎರಡು ಸಾಲು ಇಟ್ಟಂಗಿ ಕಟ್ಟಿಸಿಕೊಂಡಳು. ಈ ಸಲದ ಮಳೆಗೆ ನೀರು ಪಕ್ಕದ ಮನೆಗೆ ಹೋಯಿತು.