ಭಜಿಗೆ ಸಿಕ್ಕ ಶ್ರೇಯ

ಮಾರ್ಚ್ ಕೊನೆಯ ವಾರ. ಕಲಬುರಗಿಯ ಬಿಸಿಲು 40 ಡಿಗ್ರಿಯ ಹತ್ತಿರ ಬಂದಿರುತ್ತದೆ. ಲೆಕ್ಕ ಬರೆಯುವ ನನ್ನಂಥವನಿಗೆ ವರ್ಷದ ಅತಿ ಕೆಟ್ಟ ದಿನಗಳಿವು. ಮಧ್ಯಾಹ್ನದ ಬುತ್ತಿಯಲ್ಲಿ ಒಂದು ರೊಟ್ಟಿ ಹಾಗೇ ಉಳಿಯುತ್ತದೆ. ಬಿಸಿಲಿಗೆ ಹಸಿವು ಸಾಯುವುದು ನಮ್ಮ ಕಡೆ ಹೊಸದಲ್ಲ. ಸಂಜೆ ಮೇಲಧಿಕಾರಿಯಿಂದ ಬೈಸಿಕೊಂಡು ಹೊರಬಿದ್ದರೆ ಮಾತ್ರ ಕಾಲು ತಾನಾಗಿ ಸೂಪರ್ ಮಾರ್ಕೆಟ್ ಕಡೆಯ ಭಜಿ ಬಂಡಿಗೆ ತಿರುಗುತ್ತದೆ. “ಮಾರ್ಚ್ ಬಂದರೆ ನಿಮಗೆ ಎರಡು ಪ್ಲೇಟ್ ಬೇಕು ನೋಡಿ ಸರ್” ಎಂದು ಬಂಡಿಯ ಕಾಕಾ ನಗುತ್ತಾರೆ.

ರೊಟ್ಟಿ ಒಲ್ಲದ ಹೊಟ್ಟೆಗೆ ಎರಡು ಪ್ಲೇಟ್ ಮಿರ್ಚಿ ಭಜಿ ಹೇಗೆ ಹಿಡಿಸುತ್ತದೆ?

ಹೊಟ್ಟೆ ಹಸಿದವನಿಗೆ ಕಟಕ ರೊಟ್ಟಿ, ಶೇಂಗಾ ಹಿಂಡಿಯೂ ನಡೆಯುತ್ತದೆ. ಮನಸ್ಸು ಕೆಟ್ಟು ಹುಟ್ಟುವ ಹಸಿವಿಗೆ ಕರಿದದ್ದೇ ಆಗಬೇಕು, ಇಲ್ಲವೇ ಸಿಹಿ. ವಿಚಿತ್ರವೆಂದರೆ, ಗಾಬರಿಯಾದ ಮೊದಲ ಗಳಿಗೆಯಲ್ಲಿ ದೇಹ ಊಟವನ್ನೇ ಬೇಡವೆನ್ನುತ್ತದೆ. ಗಾಬರಿಯ ಹಾರ್ಮೋನಾದ ಅಡ್ರಿನಲಿನ್ ಏರುತ್ತದೆ, ಕರುಳಿನ ರಕ್ತ ಸ್ನಾಯುಗಳ ಕಡೆ ಹರಿಯುತ್ತದೆ, ಜೀರ್ಣಕ್ರಿಯೆ ನಿಧಾನವಾಗುತ್ತದೆ. ಅದರ ಹಿಂದೆಯೇ, ಮೂತ್ರಪಿಂಡದ ನೆತ್ತಿಯ ಮೇಲೆ ಕುಳಿತ ಗ್ರಂಥಿಯಿಂದ ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನು ಬರುತ್ತದೆ. ಅದು ರಕ್ತಕ್ಕೆ ಸಕ್ಕರೆ ಒದಗಿಸುತ್ತದೆ. ಜೊತೆಗೆ, ಖರ್ಚಾದ ಶಕ್ತಿಯನ್ನು ತುಂಬಿಕೊಳ್ಳಲು ಹಸಿವನ್ನೂ ಕೆರಳಿಸುತ್ತದೆ. ತೋಳ ಬೆನ್ನಟ್ಟಿದಾಗ ಓಡಿದವನಿಗೆ ಇದು ನ್ಯಾಯವಾದ ಲೆಕ್ಕ. ಕುರ್ಚಿಯಿಂದ ಏಳದೆ ಬೈಸಿಕೊಂಡವನಿಗೂ ದೇಹ ಅದೇ ಬಿಲ್ಲು ಹರಿದು ಕೊಡುತ್ತದೆ. ಒತ್ತಡ ವಾರಗಟ್ಟಲೆ ನಡೆದರೆ ಬಿಲ್ಲು ದಿನಾ ಬರುತ್ತದೆ.

ಎಲ್ಲರಿಗೂ ಹೀಗಾಗುವುದಿಲ್ಲ. ನನ್ನ ಹೆಂಡತಿಗೆ ಚಿಂತೆ ಹತ್ತಿದರೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ.

ನನ್ನ ಈ ಹಸಿವಿನಲ್ಲಿ ನಮ್ಮ ಊರಿನ ರಾತ್ರಿಗಳದ್ದೂ ಪಾಲಿದೆ ಎಂದು ನನ್ನ ಗುಮಾನಿ. ಸೆಕೆಗೆ ಮಾಳಿಗೆ ಏರಿ ಮಲಗಿದರೂ ನಿದ್ದೆ ಅರ್ಧವೇ. 2004ರ ಒಂದು ಅಧ್ಯಯನದಲ್ಲಿ ಆರೋಗ್ಯವಂತ ಯುವಕರಿಗೆ ಎರಡು ರಾತ್ರಿ 4 ಗಂಟೆ ಮಾತ್ರ ಮಲಗಲು ಬಿಟ್ಟಾಗ, ಹಸಿವು ಹುಟ್ಟಿಸುವ ಗ್ರೆಲಿನ್ ಏರಿತು, ಹೊಟ್ಟೆ ತುಂಬಿತೆಂದು ಹೇಳುವ ಲೆಪ್ಟಿನ್ ಇಳಿಯಿತು.

ಇಷ್ಟಕ್ಕೂ ತಿಂದರೆ ಸಮಾಧಾನ ಸಿಗುತ್ತದೆಯೇ? ಇಲಿಗಳಿಗೆ ಸಿಗುತ್ತದೆ. ಅಮೆರಿಕದ ವಿಜ್ಞಾನಿ ಮೇರಿ ಡಾಲ್‌ಮನ್ ಮತ್ತು ಸಂಗಡಿಗರು 2003ರಲ್ಲಿ ಮಂಡಿಸಿದ ವಾದ ಇದು: ಸದಾ ಒತ್ತಡದಲ್ಲಿರುವ ಇಲಿಗಳು ಕೊಬ್ಬು, ಸಕ್ಕರೆ ತಿಂದಾಗ ಅವುಗಳ ಒತ್ತಡದ ಹಾರ್ಮೋನು ವ್ಯವಸ್ಥೆ ತಣ್ಣಗಾಗುತ್ತದೆ. ಮನುಷ್ಯರ ವಿಷಯದಲ್ಲಿ ಭಜಿಪ್ರಿಯರಿಗೆ ಬೇಸರದ ಸುದ್ದಿಯಿದೆ. 2014ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗಗಳಲ್ಲಿ ಮನಸ್ಸು ಕೆಡಿಸುವ ಚಲನಚಿತ್ರದ ತುಣುಕುಗಳನ್ನು ತೋರಿಸಿ, ಆಮೇಲೆ ಕೆಲವರಿಗೆ ಅವರು ನೆಚ್ಚಿದ ತಿನಿಸು, ಕೆಲವರಿಗೆ ಬೇರೆ ತಿನಿಸು ಕೊಟ್ಟರು. ಕೆಲವರಿಗೆ ಏನೂ ಕೊಡಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಎಲ್ಲರ ಮನಸ್ಸೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ತಿಳಿಯಾಗಿತ್ತು. ಕೆಲಸ ಮಾಡಿದ್ದು ಕಾಲ, ಹೆಸರು ಬಂದದ್ದು ತಿನಿಸಿಗೆ. ಕಚೇರಿಯಲ್ಲಿ ಇಂಥದ್ದನ್ನು ನಾನು ದಿನಾ ನೋಡುತ್ತೇನೆ.

ಇದನ್ನು ಓದಿದ ಮೇಲೂ ಬಂಡಿಗೆ ಹೋಗುವುದನ್ನು ಬಿಟ್ಟಿಲ್ಲ. ಮೊನ್ನೆ ಕಾಕಾನ ಎಣ್ಣೆ ಕಾಯುವುದು ತಡವಾಯಿತು. ಬೆಂಚಿನ ಮೇಲೆ ಕುಳಿತು ತೊಗರಿ ರೇಟಿನ ಬಗ್ಗೆ ಪಕ್ಕದವರು ಆಡುವ ಜಗಳ ಕೇಳಿದೆ. ಪ್ಲೇಟ್ ಕೈಗೆ ಬರುವಷ್ಟರಲ್ಲಿ ಮೇಲಧಿಕಾರಿ ಏನೆಂದು ಬೈದಿದ್ದರೆಂದು ನೆನಪು ಮಾಡಿಕೊಳ್ಳಬೇಕಾಯಿತು. ಭಜಿ ತಿಂದೆ, ರುಚಿಯಾಗಿತ್ತು. ಕಾಕಾ ಎರಡನೆಯ ಪ್ಲೇಟಿಗೆ ಕೈ ಹಾಕಿದಾಗ ಬೇಡವೆಂದೆ.