ಜೆಲ್ಲಿಮೀನಿನ ಲೆಕ್ಕ ಬಲೆಯಿಂದ ಬಲೆಗೆ ಏಕೆ ಬದಲಾಗುತ್ತದೆ?

ಪ್ರಶ್ನೆ: ಒಂದೇ ದಿನ, ಒಂದೇ ಜಾಗದಲ್ಲಿ ಎರಡು ಬಗೆಯ ಬಲೆಗಳನ್ನು ಎಳೆದರೂ ಜೆಲ್ಲಿಮೀನುಗಳ ಸಂಖ್ಯೆ ಬೇರೆ ಬೇರೆಯಾಗಿ ಬರುವುದೇಕೆ? ಯಾವುದನ್ನು ನಂಬಬೇಕು?

ಉತ್ತರ: ಎರಡೂ ಸರಿಯಿರಬಹುದು, ಆದರೆ ಅವು ಒಂದೇ ಜೀವಿಗಳ ಲೆಕ್ಕವಲ್ಲ. ಲೋಳೆಯಂಥ ಮೈಯ ಪ್ಲವಕಗಳ (ನೀರಿನ ಹರಿವಿನೊಡನೆ ತೇಲುವ ಜೀವಿಗಳ) ಸಾಲಿನಲ್ಲಿ ಮಿಲಿಮೀಟರಿಗಿಂತ ಚಿಕ್ಕ ದೇಹದ, ಗೊದಮೊಟ್ಟೆಯಂಥ ಲಾರ್ವೇಸಿಯನ್‌ಗಳಿವೆ, ಮೀಟರಿಗೂ ಮೀರಿದ ಅಗಲದ ಜೆಲ್ಲಿಮೀನುಗಳಿವೆ, ಹಲವು ಘಟಕಗಳು ಸೇರಿ ಒಂದೇ ಸಮೂಹವಾಗಿ ಹತ್ತಾರು ಮೀಟರ್ ಉದ್ದ ಬೆಳೆಯುವ ಸೈಫನೋಫೋರ್‌ಗಳೂ ಇವೆ. ಇವೆಲ್ಲವನ್ನೂ ಸರಿಯಾಗಿ ಹಿಡಿಯುವ ಬಲೆ ಇಲ್ಲ.

ಮೊದಲು ಬಲೆಯ ಬಾಯಿಯನ್ನು ನೋಡೋಣ. ಪ್ಲವಕ ಸಂಗ್ರಹಕ್ಕೆ ಬಹಳ ಕಡೆ ಬಳಸುವ ಡಬ್ಲ್ಯೂಪಿ-2 ಬಲೆಯ ಬಾಯಿಯ ವಿಸ್ತೀರ್ಣ 0.25 ಚದರ ಮೀಟರ್. ಅದನ್ನು 50 ಮೀಟರ್ ಆಳದಿಂದ ನೇರವಾಗಿ ಮೇಲೆತ್ತಿದರೆ ಸೋಸುವುದು ಸುಮಾರು 12.5 ಘನ ಮೀಟರ್ ನೀರನ್ನು ಮಾತ್ರ. ಆ ನೀರಿನಲ್ಲಿ 100 ಘನ ಮೀಟರಿಗೆ ಒಂದರಂತೆ ದೊಡ್ಡ ಜೆಲ್ಲಿಮೀನುಗಳಿವೆ ಎಂದುಕೊಳ್ಳಿ. ಸರಾಸರಿ ಎಂಟು ಸಲ ಬಲೆ ಎಳೆದಾಗ ಒಂದು ಸಿಗುತ್ತದೆ. ಸಿಗದ ಏಳು ಸಲವೂ ದಾಖಲೆಯಲ್ಲಿ ಸೊನ್ನೆ ಬೀಳುತ್ತದೆ, ಸಿಕ್ಕ ಸಲ 100 ಘನ ಮೀಟರಿಗೆ ಎಂಟು ಎಂಬ ಉಬ್ಬಿದ ಅಂಕಿ ಬೀಳುತ್ತದೆ. ಇಂಥ ಸೊನ್ನೆಯನ್ನು ‘ಜೆಲ್ಲಿಮೀನು ಇಲ್ಲ’ ಎಂದು ಓದುವುದೇ ಈ ವಿಷಯದಲ್ಲಿ ಆಗುವ ಅತಿ ದೊಡ್ಡ ತಪ್ಪು ಎಂಬುದು ನನ್ನ ಅಭಿಪ್ರಾಯ. ದೊಡ್ಡ ಜೀವಿಗಳಿಗೆ ಹಲವು ಚದರ ಮೀಟರ್ ಬಾಯಿಯ ಟ್ರಾಲ್ ಬಲೆಯೇ ಬೇಕು.

ಬಾಯಿ ದೊಡ್ಡದಾದರೆ ಸಾಲದು, ಬಲೆಯ ಕಣ್ಣಿನ ಅಳತೆಯೂ ಹೊಂದಬೇಕು. 200 ಮೈಕ್ರೋಮೀಟರ್ ಕಣ್ಣಿನ ಬಲೆಯಿಂದಲೂ ಸಣ್ಣ ಲಾರ್ವೇಸಿಯನ್‌ಗಳು ನುಸುಳಿಹೋಗುತ್ತವೆ. ಹಾಗೆಂದು ಕಣ್ಣನ್ನು ಇನ್ನಷ್ಟು ಕಿರಿದಾಗಿಸಿದರೆ ಲೋಳೆ ಕಟ್ಟಿಕೊಂಡು ಬಲೆ ಮುಚ್ಚಿಹೋಗುತ್ತದೆ. ಆಗ ಬಾಯಿಯ ಮುಂದಿನ ನೀರು ಒಳಗೆ ಬಾರದೆ ಪಕ್ಕಕ್ಕೆ ಸರಿಯುತ್ತದೆ. ಬಾಯಿಯಲ್ಲಿ ಫ್ಲೋಮೀಟರ್ (ಒಳಹೋದ ನೀರನ್ನು ಅಳೆಯುವ ಸಾಧನ) ಇಲ್ಲದೆ ಕೇವಲ ಎಳೆದ ದೂರದಿಂದ ನೀರಿನ ಪ್ರಮಾಣ ಲೆಕ್ಕ ಹಾಕಿದವರಿಗೆ ಇದು ತಿಳಿಯುವುದೇ ಇಲ್ಲ, ಅವರ ಸಾಂದ್ರತೆಯ ಅಂಕಿ ನಿಜಕ್ಕಿಂತ ಕಡಿಮೆ ಬರುತ್ತದೆ.

ಇಷ್ಟೆಲ್ಲ ದಾಟಿ ಬಲೆಯೊಳಗೆ ಬಂದ ಜೀವಿ ಇಡಿಯಾಗಿ ಮೇಲೆ ಬರಬೇಕಲ್ಲ! ಬಾಯಿ ಮತ್ತು ಕಣ್ಣಿನ ಬಗ್ಗೆ ಸಾಕಷ್ಟು ಚರ್ಚೆಯಾಗುತ್ತದೆ, ಬಲೆಯ ತುದಿಯ ಸಂಗ್ರಹ ಡಬ್ಬಿಯ ಬಗ್ಗೆ ಕಡಿಮೆ. ಜಾಲರಿಯ ಕಿಟಕಿಯಿರುವ ಚಿಕ್ಕ ಡಬ್ಬಿಯಲ್ಲಿ ನೀರು ರಭಸದಿಂದ ನುಗ್ಗಿ ಹೊರಹೋಗುವಾಗ ಮೃದು ಮೈಯ ಜೀವಿಗಳು ಜಾಲರಿಗೆ ಒತ್ತಲ್ಪಟ್ಟು ಹರಿದುಹೋಗುತ್ತವೆ. ಅದೇ ಬಲೆಗೆ ಜಾಲರಿಯಿಲ್ಲದ, ಹಲವು ಲೀಟರ್ ಹಿಡಿಯುವ ಡಬ್ಬಿ ಕಟ್ಟಿ ನಿಧಾನವಾಗಿ ಎಳೆದರೆ ಅವು ನಿಂತ ನೀರಿನಲ್ಲಿ ತೇಲುತ್ತಾ ಮೇಲೆ ಬರುತ್ತವೆ. ಬೋಲಿನಾಪ್ಸಿಸ್‌ನಂಥ ಬಾಚಣಿಗೆ ಜೆಲ್ಲಿಗಳ (ಬಾಚಣಿಗೆಯಂಥ ರೋಮಸಾಲುಗಳಿಂದ ಈಜುವ ಜೀವಿಗಳ) ವಿಷಯದಲ್ಲಿ ಇನ್ನೂ ಒಂದು ತೊಡಕಿದೆ: ಇಡಿಯಾಗಿ ಬಂದರೂ, ಮಾದರಿ ಕೆಡದಂತೆ ಇಡುವ ಫಾರ್ಮಲಿನ್ ದ್ರಾವಣಕ್ಕೆ ಹಾಕಿದೊಡನೆ ಕರಗಿಹೋಗುತ್ತವೆ. ಆದ್ದರಿಂದ ಅವುಗಳನ್ನು ಹಡಗಿನ ಮೇಲೆಯೇ, ಜೀವಂತವಾಗಿರುವಾಗಲೇ ಎಣಿಸಿ ಅಳೆಯಬೇಕು. ಸೈಫನೋಫೋರ್‌ಗಳು ಕರಗುವುದಿಲ್ಲ, ಬಿಡಿಬಿಡಿಯಾಗುತ್ತವೆ. ಒಂದೇ ಸಮೂಹವನ್ನು ಈಜಿಸುವ ಗಂಟೆಯಾಕಾರದ ಹತ್ತಾರು ಭಾಗಗಳು, ಅಂದರೆ ಈಜುಗಂಟೆಗಳು, ಕಳಚಿಕೊಂಡು ಡಬ್ಬಿಯ ತಳದಲ್ಲಿ ಗಾಜಿನ ಚೂರುಗಳಂತೆ ಬಿದ್ದಿರುತ್ತವೆ, ಒಂದೊಂದನ್ನೂ ಒಂದು ಜೀವಿ ಎಂದು ಎಣಿಸಿದರೆ ಲೆಕ್ಕ ಹಲವು ಪಟ್ಟು ಏರುತ್ತದೆ.

1931ರಿಂದ ಹಡಗುಗಳ ಹಿಂದೆ ಎಳೆಯಲಾಗುತ್ತಿರುವ ಕಂಟಿನ್ಯುಯಸ್ ಪ್ಲಾಂಕ್ಟನ್ ರೆಕಾರ್ಡರ್ ಎಂಬ ಉಪಕರಣದ ಬಾಯಿ 1.27 ಸೆಂಟಿಮೀಟರ್ ಚೌಕದ್ದು. ಅದರ ರೇಷ್ಮೆ ಜಾಲರಿಯ ಮೇಲೆ ದೊಡ್ಡ ಜೆಲ್ಲಿಮೀನು ಉಳಿಯುವುದು ಅಂಗಾಂಶದ ತುಣುಕಾಗಿ, ಕುಟುಕುಕೋಶಗಳಾಗಿ ಮಾತ್ರ. ಹಾಗಾಗಿ ಅದರ ದಾಖಲೆ ‘ಇಲ್ಲಿ ಜೆಲ್ಲಿಮೀನು ಇತ್ತು’ ಎನ್ನಬಲ್ಲದು, ‘ಇಷ್ಟಿತ್ತು’ ಎನ್ನಲಾರದು. ಇದ್ದ ಜಾಗಗಳು ವರ್ಷದಿಂದ ವರ್ಷಕ್ಕೆ ಹೇಗೆ ಬದಲಾದವು ಎಂಬುದನ್ನು ತಿಳಿಯಲು ಅದು ಅಮೂಲ್ಯ.

ಆದ್ದರಿಂದ ಯಾವುದನ್ನು ನಂಬಬೇಕು ಎಂಬುದಕ್ಕೆ ಉತ್ತರ ನೀವು ಹುಡುಕುತ್ತಿರುವ ಜೀವಿಯ ಗಾತ್ರ ಮತ್ತು ಮೈಯ ಗಟ್ಟಿತನವನ್ನು ಅವಲಂಬಿಸಿದೆ. ತೀರಾ ಮೃದುವಾದವುಗಳಿಗೆ ನೀರೊಳಗಿನ ಕ್ಯಾಮೆರಾ ಅಥವಾ ಮುಳುಗುಗಾರರ ಎಣಿಕೆಯೇ ಬಲೆಗಿಂತ ಮೇಲು. ಹಲವು ವರ್ಷಗಳಿಂದ ಒಂದೇ ಬಲೆಯಿಂದ ಲೆಕ್ಕ ಇಡುತ್ತಿರುವವರು ಬಲೆ ಬದಲಿಸುವುದಾದರೆ, ಹಳೆಯದನ್ನೂ ಹೊಸದನ್ನೂ ಕೆಲಕಾಲ ಜೊತೆಜೊತೆಗೆ ಎಳೆದು ಎರಡರ ಅಂಕಿಗಳ ಸಂಬಂಧವನ್ನು ಪ್ರತಿ ಪ್ರಭೇದಕ್ಕೂ ಬೇರೆಬೇರೆಯಾಗಿ ಕಂಡುಕೊಳ್ಳಬೇಕು. ಗಟ್ಟಿ ಮೈಯ ಜೆಲ್ಲಿಮೀನಿಗೆ ಹೊಂದುವ ಗುಣಕ ಬಾಚಣಿಗೆ ಜೆಲ್ಲಿಗೆ ಹೊಂದುವುದಿಲ್ಲ.